ಕಟ್ ಮಾಡಲು ಬಾರದ ಹಲೋ ಅತ್ತೆ

ಹಲೋ ಅತ್ತೆಗೆ ಬಾರದ ವಿದ್ಯೆ ಒಂದೇ ಒಂದು. ಫೋನ್ ಕಟ್ ಮಾಡುವುದು.

ಅಯ್ಯೋ, ಅದೇನು ಮಹಾ ವಿದ್ಯೆ, ಕೆಂಪು ಗುಂಡಿ ಒತ್ತಿದರೆ ಆಯಿತಲ್ಲ ಎನ್ನಬೇಡಿ. ನಿಮಗೆ ಸುಲಭ. ಅವಳು ದೊಡ್ಡಾಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಕೂತು ಇಡೀ ನೌಕರಿ ಮುಗಿಸಿದವಳು. ಹೊರಗಿನಿಂದ ಬಂದ ಕರೆಯನ್ನು ವಾರ್ಡಿಗೆ, ವಾರ್ಡಿನ ನರ್ಸನ್ನು ಡಾಕ್ಟರ ಮನೆಗೆ, ಡಾಕ್ಟರ ಮನೆಯವರನ್ನು ಎಲ್ಲೂ ಸಿಗದ ಡಾಕ್ಟರಿಗೆ ಜೋಡಿಸಿ ಕೊಡುವುದು ಅವಳ ಕೆಲಸ. ಕಿಟಕಿಯೇ ಇಲ್ಲದ ಆ ಕೋಣೆಗೆ ಕಾಲಿಟ್ಟ ದಿನವೇ ಹಿರಿಯ ಆಪರೇಟರಮ್ಮ ಕನ್ನಡಕದ ಮೇಲಿನಿಂದ ನೋಡಿ ಎರಡು ಮಾತು ಹೇಳಿಕೊಟ್ಟಿದ್ದರು.

"ಆ ಕಡೆಯವರು ಇಡೋ ತನಕ ನೀನು ಇಡಬಾರದು. ಆಸ್ಪತ್ರೆಗೆ ಯಾರೂ ಸುಖಕ್ಕೆ ಫೋನ್ ಮಾಡಿರಲ್ಲ. ಆಮೇಲೆ, ಯಾರು ಯಾವ ನಂಬರ್ ಹೇಳಿದ್ರೂ ತಿರುಗಿ ಓದಿ ಹೇಳು. ಬೆಡ್ ನಂಬರ್ ಒಂದು ತಪ್ಪಿತು ಅಂದ್ರೆ ಯಾರ ಮನೆಯವರೋ ಯಾರಿಗೋ ಅಳ್ತಾರೆ."

ಅತ್ತೆ ಈ ಎರಡು ಮಾತನ್ನು ಮಂತ್ರದ ಹಾಗೆ ಪಾಲಿಸಿದಳು. ಬೈಯುವವರು ಬೈದು ಮುಗಿಸುವ ತನಕ ಕೇಳಿದಳು. ಅಳುವವರು ಅತ್ತು ಮುಗಿಸುವ ತನಕ "ಹೂಂ, ಹೇಳಿ, ಲೈನಲ್ಲಿದ್ದೀನಿ" ಎಂದಳು. ಕುಡಿದವನೊಬ್ಬ ಪ್ರತಿವಾರ ಫೋನ್ ಮಾಡಿ ತನ್ನ ಹೆಂಡತಿ ಯಾಕೆ ಬಿಟ್ಟುಹೋದಳು ಎಂದು ಕೇಳುತ್ತಿದ್ದ. ಅವನ ಫೋನನ್ನೂ ಅವಳು ಒಮ್ಮೆಯೂ ತಾನಾಗಿ ಇಟ್ಟವಳಲ್ಲ. ನಿವೃತ್ತಿಯಾಗಿ ಮನೆಗೆ ಬಂದ ಮೇಲೂ ಯಾರಾದರೂ ಬಾಗಿಲು ಬಡಿದರೆ ಒಳಗಿನಿಂದ "ಹಲೋ, ಹೇಳಿ" ಎನ್ನುತ್ತಿದ್ದಳು. ಹೆಸರು ಬಂದಿದ್ದು ಹಾಗೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಆ ಕಡೆಯಿಂದ ಯಾರೂ ಎತ್ತಲಿಲ್ಲ" ಎಂದು ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಹೇಳುತ್ತಾಳೆ. ಅಲ್ಲಿಗೆ ಕೇಳಿದವರು ಬೇರೆ ವಿಷಯ ಎತ್ತುತ್ತಾರೆ.

ಮೂರನೇ ಮಹಡಿಯ ಎರಡು ಕೋಣೆಯ ಮನೆ. ಬಾಗಿಲ ಪಕ್ಕ ಗೋಡೆಗೆ ಒರಗಿಸಿದ ಸಣ್ಣ ಮೇಜು, ಅದರ ಮೇಲೆ ಕ್ರೋಶಾ ಹಾಕಿದ ಬಟ್ಟೆ, ಪಕ್ಕದಲ್ಲಿ ನೆಟ್ಟನೆಯ ಬೆನ್ನಿನ ಕುರ್ಚಿ. ಮೊದಲು ಅಲ್ಲಿ ವೈರಿನ ಫೋನ್ ಇತ್ತು. ಈಗ ಅದೇ ಬಟ್ಟೆಯ ಮೇಲೆ ಮೊಬೈಲ್ ಮಲಗಿರುತ್ತದೆ. ಮೊಬೈಲನ್ನು ಎತ್ತಿಕೊಂಡು ಓಡಾಡಬಹುದು ಎಂದು ಎಷ್ಟು ಜನ ಹೇಳಿದರೂ ಅತ್ತೆಗೆ ಅದು ಸಭ್ಯತೆಯಲ್ಲ. ರಿಂಗಾದರೆ ಒಲೆ ಆರಿಸಿ, ಕೈ ಒರೆಸಿ, ಬಂದು ಕುರ್ಚಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು ಎತ್ತುತ್ತಾಳೆ. ಮಾತು ಮುಗಿಯುವ ತನಕ ಏಳುವುದಿಲ್ಲ.

ಫೋನು ಬರುವುದಕ್ಕೇನೂ ಕೊರತೆಯಿಲ್ಲ. ಹಳೆಯ ಹೆರಿಗೆ ವಾರ್ಡಿನ ನರ್ಸಮ್ಮ ಮಂಡಿನೋವು ಹೇಳಿಕೊಳ್ಳಲು ಮಾಡುತ್ತಾಳೆ. ಲಿಫ್ಟ್ ಓಡಿಸುತ್ತಿದ್ದವನು ಸುಮ್ಮನೆ ಮಾಡುತ್ತಾನೆ, ಆಮೇಲೆ ಯಾಕೆ ಮಾಡಿದೆ ಎಂಬುದು ಅವನಿಗೇ ನೆನಪಿರುವುದಿಲ್ಲ. ರಾಂಗ್ ನಂಬರ್ ಬಂದರೂ ಅತ್ತೆ ಬಿಡುವವಳಲ್ಲ, ನಿಮಗೆ ಯಾರು ಬೇಕಿತ್ತು, ಯಾವ ಬೀದಿ ಎಂದು ವಿಚಾರಿಸಿ ಸರಿಯಾದ ನಂಬರು ಹುಡುಕಿಕೊಟ್ಟು ಕಳಿಸುತ್ತಾಳೆ. ಹಾಗೆ ಪರಿಚಯವಾದ ಇಬ್ಬರು ಈಗಲೂ ಆಗಾಗ ಫೋನ್ ಮಾಡಿ ಆರೋಗ್ಯ ಕೇಳುವುದುಂಟು.

ಜೊತೆಗಿರುವವಳು ಅಣ್ಣನ ಮಗಳು. ಮೂವತ್ತು ದಾಟಿದ್ದರೂ ಮನೆಯಲ್ಲಿ ಅವಳು ಪುಟ್ಟಿ. ಊರಿನ ಆ ತುದಿಯ ಔಷಧಿ ಅಂಗಡಿಯಲ್ಲಿ ಕೆಲಸ, ಸ್ಕೂಟರಿನಲ್ಲಿ ಹೋಗಿಬರುತ್ತಾಳೆ. ಡಾಕ್ಟರ ಕೈಬರಹ ಓದಿ ಓದಿ ಅವಳಿಗೆ ಯಾವುದರ ಮೇಲೂ ನಂಬಿಕೆ ಇಲ್ಲ. ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಖನ್ನೂ ಎರಡು ಸಲ ನೋಡುತ್ತಾಳೆ. ಇಂಥವಳು ಮನೆಯಲ್ಲಿದ್ದೂ ಅತ್ತೆ ಮೋಸಹೋದಳು ಎಂಬುದೇ ಪುಟ್ಟಿಯ ಹೊಟ್ಟೆ ಉರಿಸಿದ ಸಂಗತಿ.

ಆದದ್ದು ಇಷ್ಟು. ಒಂದು ಬೆಳಿಗ್ಗೆ ಅತ್ತೆಯ ಫೋನಿಗೆ ಮೆಸೇಜ್ ಬಂತು. ಬಿಲ್ ಬಾಕಿ, ಸಂಜೆಗೆ ಮನೆಯ ಕರೆಂಟ್ ತೆಗೆಯುತ್ತೇವೆ, ಕೂಡಲೇ ಈ ನಂಬರಿಗೆ ಕರೆ ಮಾಡಿ. ಅತ್ತೆ ಕುರ್ಚಿಯಲ್ಲಿ ಕೂತು ಕರೆ ಮಾಡಿದಳು. ಆ ಕಡೆಯವನು ಬಹಳ ಮರ್ಯಾದಸ್ಥ. "ಮೇಡಂ, ಬಾಕಿ ಏನೂ ದೊಡ್ಡದಲ್ಲ, ಕಂಪ್ಯೂಟರಲ್ಲಿ ಸರಿ ಮಾಡ್ತೀನಿ" ಎಂದು ಕಾರ್ಡಿನ ವಿವರ ಕೇಳಿ ಬರೆದುಕೊಂಡ. ಆಮೇಲೆ "ಈಗ ನಿಮಗೊಂದು ನಂಬರ್ ಬರತ್ತೆ, ಸ್ವಲ್ಪ ಹೇಳ್ತೀರಾ" ಎಂದ.

ನಂಬರ್ ಬಂತು. ಅತ್ತೆಯ ಬಾಯಿಗೆ ಹಳೆಯ ಅಭ್ಯಾಸ ಬಂತು. ಒಂದೊಂದು ಅಂಕಿಯನ್ನೂ ಬಿಡಿಸಿ, ಸ್ಪಷ್ಟವಾಗಿ ಓದಿದಳು. ಇನ್ನೊಂದು ಸಲ ಓದಿದಳು. ಅಷ್ಟಕ್ಕೇ ಬಿಟ್ಟಳೇ? "ಈಗ ನೀವು ತಿರುಗಿ ಓದಿ" ಎಂದಳು. ಅವನು ವಿಧೇಯನಾಗಿ ಓದಿದ. "ಸರಿಯಾಗಿದೆ" ಎಂದು ಒಪ್ಪಿಗೆ ಕೊಟ್ಟು, "ಕೆಳಗೆ 'ಇದನ್ನು ಯಾರಿಗೂ ಹೇಳಬೇಡಿ' ಅಂತಲೂ ಇದೆ. ಅದನ್ನೂ ಬರ್ಕೊಳ್ಳಿ" ಎಂದಳು.

ಬರೆದುಕೊಂಡೆ ಮೇಡಂ ಎಂದನಂತೆ ಅವನು. ಅತ್ತೆಯ ಆ ತಿಂಗಳ ಪಿಂಚಣಿ ಪೂರ್ತಿ ಹೋಯಿತು.

ಪುಟ್ಟಿ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿದಳು, ಪೊಲೀಸರ ಸಹಾಯವಾಣಿಗೆ ದೂರು ಕೊಟ್ಟಳು, ಆಮೇಲೆ ಅತ್ತೆಯ ಎದುರು ನೆಲದ ಮೇಲೆ ಕೂತು ತಲೆ ಹಿಡಿದುಕೊಂಡಳು.

"ಯಾರಿಗೂ ಹೇಳಬೇಡಿ ಅನ್ನೋದನ್ನೂ ಅವನಿಗೇ ಓದಿ ಹೇಳಿದ್ಯಲ್ಲ ಅತ್ತೆ!"

"ಪೂರ್ತಿ ಮೆಸೇಜ್ ಓದಬೇಕು ಕಣೇ. ಅರ್ಧ ಓದಿ ಬಿಟ್ರೆ ಅನಾಹುತ ಆಗತ್ತೆ."

"ಆಗಿರೋದು ಏನು ಮತ್ತೆ?"

ಅತ್ತೆ ಎದ್ದು ಮೇಜಿನ ಮೇಲಿನ ಬಟ್ಟೆ ಸರಿಮಾಡಿದಳು. ಸಂಜೆ ಬೇರೆ ಊರಿನಿಂದ ಅಣ್ಣನ ಫೋನು. "ಅವಳ ಕೈಯಿಂದ ಫೋನ್ ಇಸ್ಕೋ ಪುಟ್ಟಿ. ನಿನ್ನ ನಂಬರ್ ಒಂದೇ ಹೋಗೋ, ನಿನ್ನ ನಂಬರ್ ಒಂದೇ ಬರೋ ಹಾಗೆ ಮಾಡಿ ಕೊಡು. ಬ್ಯಾಂಕ್ ವ್ಯವಹಾರ ನೀನೇ ನೋಡ್ಕೋ." ಅಣ್ಣ ಹೇಳಿದ್ದು ಜೋರಾಗಿತ್ತು, ಅತ್ತೆಗೂ ಕೇಳಿಸಿತು.

ಅತ್ತೆಗೆ ಭಯವಾಯಿತು. ಆಸ್ಪತ್ರೆಯಲ್ಲಿದ್ದು ಅವಳು ಕಾಯಿಲೆಗೆ ಹೆದರುವುದನ್ನು ಬಿಟ್ಟಿದ್ದಳು, ಸಾವಿಗೂ ಅಷ್ಟೇನೂ ಹೆದರುತ್ತಿರಲಿಲ್ಲ. ಆದರೆ ಆ ಮೇಜಿನ ಮೇಲಿನ ಫೋನು ರಿಂಗಾಗದೆ ಇರುವುದನ್ನು ನೆನೆಯಲೂ ಅವಳಿಂದ ಆಗಲಿಲ್ಲ. ನರ್ಸಮ್ಮನ ಮಂಡಿನೋವು ಕೇಳುವವರು ಯಾರು? ಜನ ಫೋನ್ ಮಾಡಿ, ಮಾಡಿ, ಎತ್ತದ್ದನ್ನು ನೋಡಿ, ಸತ್ತಳೇನೋ ಎಂದುಕೊಂಡು ಬಿಟ್ಟುಬಿಡುತ್ತಾರೆ. ಅವಳು ಪುಟ್ಟಿಯ ಮುಂದೆ ಕೈ ಜೋಡಿಸಲಿಲ್ಲ, ಅಷ್ಟೇ.

"ಕಲಿಸಿ ನೋಡು. ಕಲೀದೇ ಹೋದ್ರೆ ತಗೋ" ಎಂದಳು.

ಪುಟ್ಟಿ ಕಲಿಸಲು ಹೊರಟಳು. ಬಂದ ನಂಬರನ್ನು ಯಾರಿಗೂ ಓದಬಾರದು ಎಂಬುದನ್ನು ಅತ್ತೆ ಪೆಟ್ಟು ತಿಂದೇ ಕಲಿತಾಗಿತ್ತು. ಮೆಸೇಜಿನಲ್ಲಿ ನೀಲಿ ಅಕ್ಷರದ ಲಿಂಕ್ ಇದ್ದರೆ ಮುಟ್ಟಬಾರದು. ಯಾವ ಕಚೇರಿಯೇ ಫೋನ್ ಮಾಡಿದರೂ ಇಟ್ಟುಬಿಟ್ಟು, ಬಿಲ್ಲಿನ ಮೇಲೋ ಪಾಸ್‌ಬುಕ್ಕಿನ ಮೇಲೋ ಇರುವ ನಂಬರಿಗೆ ತಾನೇ ತಿರುಗಿ ಮಾಡಿ ಕೇಳಬೇಕು. ಇವೆಲ್ಲ ಅತ್ತೆಗೆ ಸಲೀಸು. ಎಡವಟ್ಟಾಗುತ್ತಿದ್ದುದು ಮುಖ್ಯ ಪಾಠದಲ್ಲೇ.

"ಅರ್ಜೆಂಟ್ ಅಂದ್ರೆ ಕಟ್. ದುಡ್ಡು ಅಂದ್ರೆ ಕಟ್. ಯಾರಿಗೂ ಹೇಳಬೇಡಿ ಅಂದ್ರೆ ಕಟ್. ಕಾರಣ ಹೇಳೋದು ಬೇಡ, ಕ್ಷಮಿಸಿ ಅನ್ನೋದು ಬೇಡ. ಕಟ್."

"ಮಾತಾಡ್ತಾ ಇರೋವಾಗ್ಲೇ?"

"ಮಾತಾಡ್ತಾ ಇರೋವಾಗ್ಲೇ."

"ಛೆ" ಎಂದಳು ಅತ್ತೆ. ಊಟಕ್ಕೆ ಕೂತವರ ತಟ್ಟೆ ಕಿತ್ತುಕೊಳ್ಳಲು ಹೇಳಿದರೂ ಅವಳ ಮುಖ ಅಷ್ಟು ಕೆಡುತ್ತಿರಲಿಲ್ಲವೇನೋ.

ಬಾಯಿಪಾಠ ಸಾಲದೆಂದು ಪುಟ್ಟಿ ಪರೀಕ್ಷೆ ಶುರುಮಾಡಿದಳು. ಹೇಳದೆ ಕೇಳದೆ ತನ್ನ ಅಂಗಡಿಯವರಿಂದ, ಗೆಳತಿಯರಿಂದ ಫೋನ್ ಮಾಡಿಸುವುದು. ಕಟ್ ಮಾಡಿದರೆ ಪಾಸು. ಪರೀಕ್ಷೆ ಮುಗಿದ ಕೂಡಲೇ ಪುಟ್ಟಿ ತನ್ನ ನಂಬರಿನಿಂದ ಫೋನ್ ಮಾಡಿ ಫಲಿತಾಂಶ ಹೇಳುತ್ತಿದ್ದಳು. ಫಲಿತಾಂಶ ಯಾವಾಗಲೂ ಒಂದೇ.

ಮೊದಲ ಸಲ ಅಂಗಡಿಯ ಕ್ಯಾಷಿಯರ್, ದನಿ ಬದಲಿಸಿ, ನಿಮಗೆ ಕಾರು ಬಹುಮಾನ ಬಂದಿದೆ ಎಂದ. ಅತ್ತೆ ಕಾರು ಬೇಡ ಎಂದಳು, ಆದರೆ ಇಡಲಿಲ್ಲ. ಇಂಥ ಕೆಲಸಕ್ಕೆ ಯಾಕೆ ಸೇರಿದೆಯಪ್ಪ, ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಕೇಳಿದಳು. ಕ್ಯಾಷಿಯರ್ ಮೃದು ಮನಸ್ಸಿನವನು. ಅವನ ಮದುವೆ ಮುರಿದುಬಿದ್ದ ಕಥೆಯೆಲ್ಲ ಹೊರಗೆ ಬಂತು. ಅಂಗಡಿಯಲ್ಲಿ ಗಿರಾಕಿಗಳು ಸಾಲು ನಿಂತರು. ಕೊನೆಗೆ ಮಾಲೀಕರು ಬಂದು ಅವನ ಕೈಯಿಂದ ಫೋನ್ ಕಿತ್ತುಕೊಂಡರು.

ಎರಡನೆಯದು ಪರೀಕ್ಷೆಯಲ್ಲ, ಅಸಲಿ. ಗಡಸು ದನಿಯವನೊಬ್ಬ ತಾನು ದೊಡ್ಡ ಪೊಲೀಸ್ ಅಧಿಕಾರಿ ಎಂದ. ನಿಮ್ಮ ಹೆಸರಿನಲ್ಲಿ ಹೋದ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವೀಗ ಫೋನಿನಲ್ಲೇ ಬಂಧನದಲ್ಲಿದ್ದೀರಿ ಎಂದ.

"ನಾನು ಹೇಳೋ ತನಕ ನೀವು ಲೈನ್ ಕಟ್ ಮಾಡೋ ಹಾಗಿಲ್ಲ!"

"ಅದರ ಯೋಚನೆ ಬಿಡಿ" ಎಂದಳು ಅತ್ತೆ. "ನನಗೆ ಅಭ್ಯಾಸವೇ ಇಲ್ಲ."

ಅವನು ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಖಾತೆಯ ವಿವರ ಕೇಳಿದ. "ಅದನ್ನ ಹೇಳಬಾರದಂತೆ, ನಮ್ಮ ಪುಟ್ಟಿ ಹೇಳಿದ್ದಾಳೆ. ಬೇರೆ ಏನಾದ್ರೂ ಕೇಳಿ" ಎಂದಳು. ಅವನು ಗದರಿದ, ಗದರುವಾಗ ಕೆಮ್ಮಿದ. ಆ ಕೆಮ್ಮು ಅತ್ತೆಗೆ ಹಿಡಿಸಲಿಲ್ಲ. ಎಷ್ಟು ದಿನದಿಂದ ಇದೆ, ಕಫ ಬರತ್ತಾ, ಬೆವರ್ತೀರಾ ಎಂದು ಕೇಳಿದಳು. ಅವನು ಜೈಲಿನ ವಿಷಯ ಹೇಳಿದಾಗಲೆಲ್ಲ ಇವಳು ಎಕ್ಸ್‌ರೇ ವಿಷಯ ಹೇಳಿದಳು. ಕೊನೆಗೆ "ಏನಮ್ಮಾ ನೀನು!" ಎಂದು ಬೈದು ಅವನೇ ಇಟ್ಟ.

ಅತ್ತೆ ಇದನ್ನು ಗೆಲುವು ಎಂದುಕೊಂಡಳು. ಪುಟ್ಟಿ ಒಪ್ಪಲಿಲ್ಲ.

"ಕಟ್ ಮಾಡಿದ್ದು ಯಾರು?"

"ಅವನೇ."

"ಹಾಗಾದ್ರೆ ಫೇಲ್. ಇವತ್ತು ಕೆಮ್ಮಿದ, ಬಚಾವಾದೆ. ನಾಳೆ ಗಟ್ಟಿಮುಟ್ಟಾಗಿರೋನು ಮಾಡ್ತಾನೆ."

ಮೂರನೆಯದನ್ನು ಪುಟ್ಟಿ ತಾನೇ ಮಾಡಿದಳು, ಗೆಳತಿಯ ಫೋನಿನಿಂದ. ಈಗ ಮನೆಯವರ ದನಿಯನ್ನೇ ನಕಲು ಮಾಡಿ ಮೋಸ ಮಾಡುತ್ತಾರೆ, ಹೊಸ ನಂಬರಿನಿಂದ ನಾನೇ ಅಳುತ್ತಾ ಮಾಡಿ, ಅಪಘಾತ ಆಗಿದೆ, ಫೋನ್ ಒಡೆದಿದೆ, ದುಡ್ಡು ಬೇಕು ಎಂದರೂ ನಂಬಬೇಡ ಎಂದು ಮೊದಲೇ ಹೇಳಿಯಾಗಿತ್ತು. ಆದರೂ ಅವಳು ಹೋ ಎಂದು ಅತ್ತು, "ಅತ್ತೇ, ನನ್ನನ್ನ ಹಿಡ್ಕೊಂಡಿದ್ದಾರೆ, ಬೇಗ ದುಡ್ಡು ಕಳ್ಸು" ಎಂದ ಕೂಡಲೇ ಅತ್ತೆಗೆ ಪಾಠವೆಲ್ಲ ಮರೆತುಹೋಯಿತು. ಫೋನನ್ನು ಆನ್ ಇಟ್ಟುಕೊಂಡೇ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಪುಟ್ಟಿಯದು ಮೆಟ್ಟಿಕೊಂಡು, ಮೂರು ಮಹಡಿ ಇಳಿದು ಬೀದಿಗೆ ಓಡಿದಳು. ಬೀದಿಯ ಮೂಲೆಯಲ್ಲಿ ಪುಟ್ಟಿ ಗೆಳತಿಯ ಫೋನ್ ಹಿಡಿದು ನಿಂತಿದ್ದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

"ಫೇಲ್" ಎಂದಳು. ಅವಳ ಮುಖವೂ ಬಿಳಿಚಿಕೊಂಡಿತ್ತು, ಅತ್ತೆ ಬಿದ್ದುಗಿದ್ದರೆ ಎಂದು. ಆದರೂ ಬಿಡಲಿಲ್ಲ. "ಇನ್ನೊಂದೇ ಒಂದು ಛಾನ್ಸ್. ಇನ್ನೊಂದು ಸಲ ಹೊಸ ನಂಬರನ್ನ ನಂಬಿದ್ರೆ ಫೋನ್ ನನಗೆ ಕೊಟ್ಟುಬಿಡಬೇಕು. ಮಾತು ಅಂದ್ರೆ ಮಾತು."

ಅತ್ತೆ ಏದುಸಿರು ಬಿಡುತ್ತಾ ಕಟ್ಟೆಯ ಮೇಲೆ ಕೂತಳು. ಅವಳಿಗೆ ಕೋಪ ಬಂದಿತ್ತು, ಅವಮಾನವೂ ಆಗಿತ್ತು. "ಹಾಗೆಲ್ಲ ಅಳಬಾರದು ಕಣೇ" ಎಂದಳು ಅಷ್ಟೇ. ಎರಡು ದಿನ ಪುಟ್ಟಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ಎರಡು ದಿನವೂ ಕುರ್ಚಿಯಲ್ಲಿ ಕೂತು, ಫೋನನ್ನು ಕಿವಿಗಿಟ್ಟು, ಯಾರೂ ಇಲ್ಲದ ಲೈನಿಗೆ ಹಲೋ ಎಂದು, ಪಟ್ಟನೆ ತೆಗೆದು ಹೆಬ್ಬೆರಳು ಒತ್ತುವುದನ್ನು ಅಭ್ಯಾಸ ಮಾಡಿದಳು. ಫೋನ್ ಉಳಿಯಬೇಕಾದರೆ ಬೇರೆ ದಾರಿ ಇರಲಿಲ್ಲ.

ಅದಾದ ವಾರದ ಮೇಲೆ, ಮಧ್ಯಾಹ್ನ. ಅತ್ತೆ ಪಾತ್ರೆ ತೊಳೆಯುತ್ತಿದ್ದಳು. ಫೋನು ರಿಂಗಾಯಿತು. ನಲ್ಲಿ ನಿಲ್ಲಿಸಿ, ಕೈ ಒರೆಸಿ, ಕುರ್ಚಿಯಲ್ಲಿ ಕೂತು ನೋಡಿದಳು. ಹೊಸ ನಂಬರು.

"ಹಲೋ, ಹೇಳಿ."

"ಅತ್ತೆ, ನಾನು." ಪುಟ್ಟಿಯ ದನಿಯೇ. "ಸ್ಕೂಟರಿಂದ ಬಿದ್ದುಬಿಟ್ಟೆ. ನನ್ನ ಫೋನ್ ಒಡೆದೋಗಿದೆ, ಇದು ಬೇರೆಯವರದ್ದು. ಸ್ವಲ್ಪ ದುಡ್ಡು ತಗೊಂಡು..."

ಅತ್ತೆಯ ಬೆನ್ನು ನೆಟ್ಟಗಾಯಿತು. ಹೊಸ ನಂಬರು, ಆಯಿತು. ಅಪಘಾತ, ಆಯಿತು. ಫೋನ್ ಒಡೆದುಹೋಗಿದೆ, ಅದೂ ಆಯಿತು. ದುಡ್ಡು. ಅಲ್ಲ, ಈ ಹುಡುಗಿ ಪಾಠದಲ್ಲಿ ಹೇಳಿದ್ದನ್ನು ಇದ್ದ ಹಾಗೇ ಒಪ್ಪಿಸುತ್ತಿದ್ದಾಳಲ್ಲ, ಸ್ವಲ್ಪ ಬದಲಾಯಿಸಿ ಹೇಳಬಾರದೇ ಎಂದುಕೊಂಡಳು. ಆ ಕಡೆಯ ದನಿ ಇನ್ನೂ ಏನೋ ಹೇಳುತ್ತಿತ್ತು. ಅತ್ತೆ ಫೋನನ್ನು ಕಿವಿಯಿಂದ ತೆಗೆದಳು. ಕ್ಷಮಿಸಿ ಎಂಬುದು ತುಟಿಯ ತನಕ ಬಂತು, ನುಂಗಿಕೊಂಡಳು. ಹೆಬ್ಬೆರಳು ಒತ್ತಿದಳು.

ಕಟ್.

ಹೇಳಿದರೆ ತಪ್ಪಿಲ್ಲ, ಅವಳಿಗೆ ಭಾರೀ ಹೆಮ್ಮೆಯಾಯಿತು. ಜೀವನದಲ್ಲಿ ಮೊದಲ ಸಲ ಒಬ್ಬರು ಮಾತಾಡುತ್ತಿರುವಾಗಲೇ ಫೋನ್ ಇಟ್ಟಿದ್ದಳು, ಆಕಾಶವೇನೂ ಕಳಚಿ ಬಿದ್ದಿರಲಿಲ್ಲ. ಎದ್ದುಹೋಗಿ ಕಾಫಿ ಮಾಡಿಕೊಂಡಳು. ಲೋಟ ಹಿಡಿದು ಬಂದು ಫೋನಿನ ಪಕ್ಕ ಕೂತಳು. ಈಗ ಪುಟ್ಟಿ ತನ್ನ ನಂಬರಿನಿಂದ ಮಾಡುತ್ತಾಳೆ, ಪಾಸ್ ಎನ್ನುತ್ತಾಳೆ. ಏನು ಉತ್ತರ ಕೊಡಬೇಕು ಎಂದು ಯೋಚಿಸಿಟ್ಟುಕೊಂಡಳು. ಅಷ್ಟೇನೂ ಕಷ್ಟವಿರಲಿಲ್ಲ ಬಿಡೇ, ಎನ್ನಬೇಕು.

ಫೋನು ಬರಲಿಲ್ಲ. ಅಂಗಡಿಯಲ್ಲಿ ಜನ ಇರಬಹುದು ಎಂದುಕೊಂಡಳು. ಕಾಫಿ ಕುಡಿದು ಮುಗಿಯಿತು. ಲೋಟ ತೊಳೆದಿಟ್ಟು ಬಂದಳು. ಆಗಲೂ ಬರಲಿಲ್ಲ.

ಕಿವಿಯಿಂದ ಫೋನ್ ತೆಗೆಯುವಾಗ ಆ ದನಿ ಏನೋ ಹೇಳುತ್ತಿತ್ತಲ್ಲ, ಅದೇನು? ಇಡೀ ನೌಕರಿ ಕಿವಿಯಲ್ಲೇ ಮಾಡಿದವಳು, ಕೇಳಿಸಿಕೊಂಡಿದ್ದು ಎಲ್ಲಿ ಹೋಗುತ್ತದೆ? ಕಣ್ಣು ಮುಚ್ಚಿ ಕೂತಳು. ಬಂತು. "ಗಾಬರಿ ಆಗ್ಬೇಡ ಅತ್ತೆ. ನಿಧಾನಕ್ಕೆ ಬಾ. ಮೆಟ್ಟಿಲು ನೋಡ್ಕೊಂಡು ಇಳಿ."

ಅತ್ತೆ ಕಣ್ಣು ತೆರೆದಳು. ಕರೆಂಟಿನವನು ಹಾಗೆ ಹೇಳಿರಲಿಲ್ಲ. ಕೆಮ್ಮಿನ ಪೊಲೀಸನೂ ಹೇಳಿರಲಿಲ್ಲ. ಪರೀಕ್ಷೆಯ ದಿನ ಪುಟ್ಟಿ ಕೂಡ ಬೇಗ, ಬೇಗ ಎಂದೇ ಅತ್ತಿದ್ದಳು. ಮೋಸ ಮಾಡುವವನ ಅಂಗಡಿ ನಡೆಯುವುದೇ ನಮ್ಮ ಗಾಬರಿಯಿಂದ, ಅವನು ಯಾಕೆ ಗಾಬರಿಯಾಗಬೇಡ ಎಂದಾನು? ತನಗೆ ಪೆಟ್ಟಾದರೂ ಈ ಕಡೆಯವರ ಮೆಟ್ಟಿಲ ಯೋಚನೆ ಮಾಡುವವರು ಮನೆಯವರು ಮಾತ್ರ.

ಪಾಠದಲ್ಲಿದ್ದ ಹಾಗೆ ಮೊದಲು ಗೊತ್ತಿರುವ ನಂಬರಿಗೆ ಮಾಡಿದಳು. ಪುಟ್ಟಿಯ ಫೋನು ಸ್ವಿಚ್ ಆಫ್. ಔಷಧಿ ಅಂಗಡಿಗೆ ಮಾಡಿದಳು.

"ಅವರು ಆಗ್ಲೇ ಹೊರಟ್ರಲ್ಲ ಅಮ್ಮಾ" ಎಂದರು ಮಾಲೀಕರು. "ತಲೆನೋವು ಅಂತ ಅರ್ಧ ದಿನ ರಜೆ ತಗೊಂಡ್ರು. ಮನೆಗೆ ಬಂದಿಲ್ವಾ?"

ಇನ್ನುಳಿದದ್ದು ಆ ಹೊಸ ನಂಬರು ಒಂದೇ. ಅತ್ತೆ ಅದನ್ನು ನೋಡುತ್ತಾ ಕೂತಳು. ಪುಟ್ಟಿ ಘಾಟಿ ಹುಡುಗಿ. ಅಂಗಡಿಯವರಿಗೂ ಹೇಳಿಕೊಟ್ಟಿರಬಹುದು, ಫೋನನ್ನು ತಾನೇ ಆಫ್ ಮಾಡಿರಬಹುದು. ಈಗ ತಿರುಗಿ ಮಾಡಿದರೆ, "ಹೊಸ ನಂಬರನ್ನ ನಂಬಿದೆ, ಫೇಲ್" ಎನ್ನುತ್ತಾಳೆ. ಫೋನು ಹೋಗುತ್ತದೆ. ನರ್ಸಮ್ಮ, ಲಿಫ್ಟಿನವನು, ಎಲ್ಲರೂ ಹೋಗುತ್ತಾರೆ. ಮಾತು ಅಂದರೆ ಮಾತು.

"ಹಾಳಾಗಿ ಹೋಗ್ಲಿ" ಎಂದು ಜೋರಾಗಿ ಹೇಳಿ ಆ ನಂಬರು ಒತ್ತಿದಳು.

ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಹಿಂದೆ ಗಾಳಿ ತುಂಬುವ ಯಂತ್ರದ ಸದ್ದು, ಮುಂದೆ ಒಂದು ಒರಟು ದನಿ.

"ಯಾರು?"

"ಸ್ವಲ್ಪ ಹೊತ್ತಿಗೆ ಮುಂಚೆ ಈ ನಂಬರಿಂದ ಒಬ್ಬಳು ಹುಡುಗಿ ಫೋನ್ ಮಾಡಿದ್ಲಲ್ಲ, ನಾನು ಅವಳ ಅತ್ತೆ."

"ಅತ್ತೆ ಅನ್ನೋದಕ್ಕೆ ಏನು ಗ್ಯಾರಂಟಿ? ಇತ್ತೀಚೆಗೆ ಬರೋದೆಲ್ಲ ಮೋಸದ ಕಾಲೇ. ನಾನು ಪಂಕ್ಚರ್ ಹಾಕೋನು ಕಣಮ್ಮಾ, ನನ್ನ ಹತ್ರ ಏನೂ ಸಿಗಲ್ಲ."

"ಅಪ್ಪಾ, ಅವಳು ಮಾತಾಡ್ತಾ ಇರೋವಾಗ್ಲೇ ಕಟ್ ಮಾಡಿದವಳು ನಾನೇ."

ಆ ಕಡೆ ಗಾಳಿ ಯಂತ್ರದ ಸದ್ದು ನಿಂತಿತು. "ಹಾಗಾದ್ರೆ ನೀವೇ" ಎಂದ ಪಂಕ್ಚರಿನವನು. "ಎಂಥಾ ಜನ ರೀ ನೀವು! ಪಾಪ ಆ ಹುಡುಗಿ ಕಾಲು ಊರೋಕಾಗದೆ ಕೂತಿದೆ. ಇನ್ನೊಂದ್ಸಲ ಮಾಡು ಅಂದ್ರೆ ಮತ್ತೆ ಕಟ್ ಮಾಡ್ತಾಳೆ ಅಂತಾಳೆ, ಇನ್ಯಾರಿಗಾದ್ರೂ ಮಾಡಮ್ಮಾ ಅಂತ ಫೋನ್ ಕೊಟ್ರೆ ಬೇಡ ಅಂತ ತಲೆ ಆಡಿಸ್ತಾಳೆ. ಆಸ್ಪತ್ರೆಗೆ ಬಿಟ್ಟು ಬರ್ತೀನಿ ಅಂದ್ರೂ, ಅತ್ತೆ ವಾಪಸ್ ಮಾಡ್ತಾಳೆ, ಮಾಡ್ತಾಳೆ ಅಂತ ಇಲ್ಲೇ ಕೂತಿದ್ದಾಳೆ."

ಅಂಗಡಿ ಎಲ್ಲಿ ಎಂದು ಕೇಳಿ, ಅವನು ಹೇಳಿದ ಗುರುತುಗಳನ್ನು ಅತ್ತೆ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡಳು. ಆ ಕಡೆಯವನು ಇಡುವ ತನಕ ಕಾಯಲಿಲ್ಲ. ತಾನೇ ಇಟ್ಟು ಓಡಿದಳು.

ಪುಟ್ಟಿ ಪಂಕ್ಚರ್ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ಊದಿದ ಕಾಲನ್ನು ಹಳೆಯ ಟೈರುಗಳ ರಾಶಿಯ ಮೇಲೆ ಚಾಚಿದ್ದಳು. ಮೊಣಕೈ ತರಚಿತ್ತು, ಬಟ್ಟೆಯೆಲ್ಲ ಧೂಳು. ಅತ್ತೆಯನ್ನು ಕಂಡವಳೇ ಮುಖ ಸಣ್ಣದು ಮಾಡಿಕೊಂಡಳು. ಈ ಸಲ ಕಣ್ಣಲ್ಲಿ ನೀರಿತ್ತು. ಅತ್ತೆ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಸೆರಗಿನಿಂದ ಅವಳ ಮುಖದ ಧೂಳು ಒರೆಸಿದಳು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು. ಪಂಕ್ಚರಿನವನು ಆಟೋ ನಿಲ್ಲಿಸಿ, ಪುಟ್ಟಿಯನ್ನು ಹಿಡಿದು ಕೂರಿಸಿ, ಒಡೆದ ಫೋನಿನ ಚೂರುಗಳನ್ನು ಕಾಗದದಲ್ಲಿ ಕಟ್ಟಿ ಕೈಗೆ ಕೊಟ್ಟ.

ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆದರು. ಫಿಲ್ಮ್ ಬರುವ ತನಕ ಕಾಯಿರಿ ಎಂದು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿದರು. ಪುಟ್ಟಿಯ ಕಾಲು ಅತ್ತೆಯ ಮಡಿಲಲ್ಲಿತ್ತು. ಅತ್ತೆ ಕೈಚೀಲದಿಂದ ತನ್ನ ಫೋನ್ ತೆಗೆದು ಪುಟ್ಟಿಯ ಕೈಗಿಟ್ಟಳು.

"ತಗೋ."

"ಯಾಕೆ?"

"ಹೊಸ ನಂಬರನ್ನ ನಂಬಿ ವಾಪಸ್ ಮಾಡಿದೆ. ಫೇಲು. ಮಾತು ಅಂದ್ರೆ ಮಾತು."

"ಪರೀಕ್ಷೆ ಅಲ್ಲ ಅಂತ ಗೊತ್ತಾಯ್ತಾ ನಿಂಗೆ?"

"ಪೂರ್ತಿ ಗೊತ್ತಾಗ್ಲಿಲ್ಲ."

"ಮತ್ತೆ? ಪರೀಕ್ಷೆ ಆಗಿದ್ರೆ ಫೋನ್ ಹೋಗ್ತಿತ್ತಲ್ಲ."

"ಹೋಗ್ತಿತ್ತು."

ಪುಟ್ಟಿ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು. "ನೀನು ಕಟ್ ಮಾಡಿದ್ದು ಸರಿ ಅತ್ತೆ. ನಾನೇ ಹೇಳಿಕೊಟ್ಟಿದ್ದು."

"ಸರಿ ಅಂತ ನಂಗೂ ಗೊತ್ತು" ಎಂದಳು ಅತ್ತೆ. "ಆದ್ರೆ ನೀನು ನೋವಲ್ಲಿ ಮಾತಾಡ್ತಾ ಇದ್ದೆ, ನಾನು ಇಟ್ಟುಬಿಟ್ಟೆ. ಇಟ್ಟು ಕಾಫಿ ಕುಡಿದೆ ಕಣೇ. ಖುಷಿಯಿಂದ ಕುಡಿದೆ." ಅಷ್ಟು ಹೇಳಿ ಅತ್ತುಬಿಟ್ಟಳು. ಪಕ್ಕದ ಬೆಂಚಿನವರು ಕಾಲು ಮುರಿದಿದ್ದು ಯಾರದ್ದು ಎಂದು ಗೊತ್ತಾಗದೆ ಇಬ್ಬರನ್ನೂ ನೋಡಿದರು.

ಪುಟ್ಟಿ ಅತ್ತೆಯ ಕೈ ಹಿಡಿದುಕೊಂಡಳು. "ಆ ಪಂಕ್ಚರಿನವರು ಇನ್ಯಾರಿಗಾದ್ರೂ ಮಾಡು ಅಂದ್ರು. ಮಾಡೋಣ ಅಂದ್ರೆ ನಂಬರೇ ಬರಲ್ಲ. ಅಪ್ಪಂದು ಬರಲ್ಲ, ಅಂಗಡೀದು ಬರಲ್ಲ, ಎಲ್ಲಾ ಆ ಒಡೆದೋದ ಫೋನಲ್ಲಿತ್ತು. ಬಾಯಿಗೆ ಬಂದಿದ್ದು ನಿನ್ನ ನಂಬರ್ ಒಂದೇ."

ಒಳಗಿನಿಂದ ನರ್ಸ್ ಒಬ್ಬಳು ಬಾಗಿಲು ತೆರೆದು, ಫಿಲ್ಮ್ ಬಂತು, ಬನ್ನಿ ಎಂದು ಕರೆದಳು. ಪುಟ್ಟಿ ಏಳಲಿಲ್ಲ. ಫೋನನ್ನು ಅತ್ತೆಯ ಕೈಯಲ್ಲೇ ಇಟ್ಟು ಬೆರಳು ಮಡಿಸಿದಳು.

"ಇದನ್ನ ನಾನು ತಗೊಂಡ್ರೆ, ಇನ್ನೊಂದು ಸಲ ಬಿದ್ದಾಗ ಯಾರಿಗೆ ಮಾಡ್ಲಿ?"

"ಬೀಳೋ ಮಾತು ಆಡಬೇಡ" ಎಂದು ಬೈದು ಅತ್ತೆ ಫೋನನ್ನು ಚೀಲದೊಳಗೆ ಹಾಕಿಕೊಂಡಳು. ಆಮೇಲೆ ಅವಳ ತೋಳಿನ ಕೆಳಗೆ ತನ್ನ ಹೆಗಲು ಕೊಟ್ಟು ಎಬ್ಬಿಸಿದಳು.